ಒಂದು ಬಂಡಿಗೆ ಎರಡು ಬ್ಯಾಟರಿ

ಹದಿನಾರು ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ಮೈಸೂರು ಅರಸರ ಮೂಲದ ಐತಿಹ್ಯ ನೆನಪಾಗುತ್ತದೆ. ಎಲ್ಲಿಂದಲೋ ಬಂದ ಯದುರಾಯ ಮತ್ತು ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಸಂಕಟದಲ್ಲಿದ್ದ ಇಲ್ಲಿನ ಪಾಳೆಯಗಾರನ ಮನೆತನವನ್ನು ಕಾಪಾಡಿದರಂತೆ. ಆ ಮನೆಯ ಮಗಳನ್ನು ಯದುರಾಯ ವರಿಸಿದನಂತೆ. 1399ರಲ್ಲಿ ಒಡೆಯರ ವಂಶಕ್ಕೆ ಬೇರು ಬಿಟ್ಟದ್ದು ಹೀಗೆ ಎಂಬುದು ಕಥೆ. ಆದರೆ ಹಕ್ಕಿ ನೋಡುವ ಹವ್ಯಾಸವಿದ್ದವರಿಗೆ ಹದಿನಾರು ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಅಲ್ಲಿನ ಕೆರೆ. ಚಳಿಗಾಲ ಬಂತೆಂದರೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದು ಇಲ್ಲಿ ಇಳಿಯುತ್ತವೆ. ಮಂಗೋಲಿಯಾ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು 7000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ.

ರಾತ್ರಿ ಗದ್ದೆ ಬಯಲಿನಲ್ಲಿ ಮೇದು ಬೆಳಗಾಗುವಾಗ ನೀರಿಗೆ ಮರಳುವುದು ಹೆಬ್ಬಾತುಗಳ ವಾಡಿಕೆ. ಎಣಿಸಬೇಕೆನ್ನುವವರು ಬೆಳಕು ಹರಿಯುವ ಮೊದಲೇ ಕೆರೆಯ ಬಳಿ ಇರಬೇಕು. ಮೈಸೂರಿನವರೇನೋ ಬೆಳಗಿನ ಜಾವಕ್ಕೆ ಹೊರಟು ಬಂದಾರು. ಆದರೆ ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಬಂದು ಹದಿನಾರು, ಕಗ್ಗಲೀಪುರ, ನರಸಾಂಬುಧಿ ಎಂದು ಎರಡು ಮೂರು ಕೆರೆಗಳನ್ನು ಒಂದೇ ಸುತ್ತಿನಲ್ಲಿ ನೋಡಬೇಕೆನ್ನುವ ಕಾಲೇಜು ತಂಡ ಎಲ್ಲಾದರೂ ತಂಗಲೇಬೇಕು. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿಗಳ ಗಣತಿಯಂಥ ಕೆಲಸಕ್ಕೆ ಹೊರಟವರು ವಾಹನವನ್ನೇ ಬಿಡಾರ ಮಾಡಿಕೊಳ್ಳುವುದುಂಟು. ಮಲಗಲು ಜಾಗ, ಒಂದೆರಡು ದೀಪ, ಒಂದು ಪುಟ್ಟ ಶೈತ್ಯಪೆಟ್ಟಿಗೆ ಇದ್ದರೆ ಟೆಂಪೊ ಟ್ರಾವೆಲರ್ ಆಗಲಿ ಸಣ್ಣ ಲಾರಿಯಾಗಲಿ ನಡೆದಾಡುವ ಮನೆಯೇ ಆಗಿಬಿಡುತ್ತದೆ.

ಮನೆ ಎಂದ ಮೇಲೆ ಕರೆಂಟು ಬೇಕು. ಇಲ್ಲಿಂದ ಬಹಳ ದೂರವೇನೂ ಅಲ್ಲದ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ, 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. ಆದರೆ ಕೆರೆಯ ಬಯಲಿನಲ್ಲಿ ಪ್ಲಗ್ಗು ಚುಚ್ಚಲು ಗೋಡೆ ಎಲ್ಲಿದೆ? ಜನರೇಟರ್ ಹಚ್ಚಿದರೆ ಅದರ ಸದ್ದಿಗೆ ಹಕ್ಕಿಗಳೂ ಎದ್ದಾವು, ಊರಿನವರೂ ಎದ್ದಾರು. ಇಂಜಿನ್ನನ್ನು ರಾತ್ರಿಯಿಡೀ ಓಡಿಸುವುದಂತೂ ಹೊಗೆಯ ದೃಷ್ಟಿಯಿಂದ ಪ್ರಾಣಕ್ಕೇ ಅಪಾಯ. ಉಳಿಯುವುದು ಸದ್ದಿಲ್ಲದ ಒಂದೇ ದಾರಿ: ಬ್ಯಾಟರಿ.

ವಾಹನದಲ್ಲಿ ಹೇಗೂ ಒಂದು ಬ್ಯಾಟರಿ ಇದೆಯಲ್ಲ, ಅದರಿಂದಲೇ ದೀಪ ಉರಿಸಿದರಾಯಿತು ಎಂದುಕೊಂಡರೆ ತೊಂದರೆಯ ಬೀಜ ಬಿತ್ತಿದಂತೆಯೇ. ರಾತ್ರಿ ಎರಡು ಗಂಟೆಗೆ ತಂಡದ ಹುಡುಗಿಯೊಬ್ಬಳಿಗೆ ಹೊಟ್ಟೆನೋವು ಕಾಣಿಸಿಕೊಂಡಿತು ಎನ್ನಿ. ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಚಾಲಕ ಕೀಲಿ ತಿರುಗಿಸುತ್ತಾನೆ. ಟಕ್, ಟಕ್, ಟಕ್. ಅಷ್ಟೇ. ಸಂಜೆಯಿಂದ ಉರಿದ ದೀಪ, ಚಾರ್ಜಾದ ಫೋನು, ಓಡಿದ ಫ್ಯಾನು ಎಲ್ಲವೂ ಸೇರಿ ಇಂಜಿನ್ ಎಬ್ಬಿಸುವ ಶಕ್ತಿಯನ್ನು ಕುಡಿದುಬಿಟ್ಟಿರುತ್ತವೆ. ತಳ್ಳಿ ಸ್ಟಾರ್ಟ್ ಮಾಡುವ ಕಾಲವೂ ಈಗ ಮುಗಿದಂತೆಯೇ. ಇಂದಿನ ಡೀಸೆಲ್ ವಾಹನಗಳಲ್ಲಿ ಇಂಧನ ಚಿಮ್ಮಿಸುವ ಕೆಲಸ ಎಲೆಕ್ಟ್ರಾನಿಕ್ ಮೆದುಳಿನದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಅದು ಕಣ್ಣು ತೆರೆಯುವುದಿಲ್ಲ.

ಬಿತ್ತನೆಯ ರಾಗಿ

ಈ ಸೀಮೆಯ ರೈತರ ಮನೆಗಳಲ್ಲಿ ಹಿಂದಿನಿಂದ ಬಂದ ಒಂದು ಕಟ್ಟುಪಾಡಿದೆ. ಸುಗ್ಗಿಯಾದ ಮೇಲೆ ಮುಂದಿನ ಬಿತ್ತನೆಗೆಂದು ಒಂದಷ್ಟು ರಾಗಿಯನ್ನು ಬೇರೆಯಾಗಿ ಎತ್ತಿಡುತ್ತಾರೆ. ಮನೆಯಲ್ಲಿ ಎಷ್ಟೇ ಅಡಚಣೆ ಬರಲಿ, ಹಿಟ್ಟಿಗೆ ಆ ರಾಗಿಯನ್ನು ತೆಗೆಯುವುದಿಲ್ಲ. ಉಣ್ಣುವ ರಾಗಿ ಬೇರೆ, ಬಿತ್ತುವ ರಾಗಿ ಬೇರೆ. ಎರಡನ್ನೂ ಒಂದೇ ಗುಡಾಣದಲ್ಲಿಟ್ಟರೆ ಎಲ್ಲಿಗೆ ನಿಲ್ಲಿಸಬೇಕು ಎಂಬುದು ಯಾರಿಗೂ ತಿಳಿಯದು.

ಎರಡು ಬ್ಯಾಟರಿಗಳ ಏರ್ಪಾಟಿನ ತತ್ತ್ವವೂ ಇದೇ. ಒಂದು ಇಂಜಿನ್ ಎಬ್ಬಿಸಲು ಮಾತ್ರ, ಇನ್ನೊಂದು ವಾಸದ ಖರ್ಚಿಗೆ. ಎರಡನೆಯದು ಬರಿದಾದರೆ ದೀಪ ಆರುತ್ತದೆ, ಅಷ್ಟೇ. ಮನೆಗೆ ಮರಳುವ ದಾರಿ ಮುಚ್ಚುವುದಿಲ್ಲ. ಊರಿಂದ ಊರಿಗೆ ನೂರಾರು ಕಿಲೋಮೀಟರ್ ಬಯಲೇ ಇರುವ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಓಡಾಡುವವರು ಇದನ್ನು ಎಷ್ಟೋ ಕಾಲದಿಂದ ಪಾಲಿಸುತ್ತಿದ್ದಾರೆ. ನಮ್ಮಲ್ಲಿ ಸುತ್ತೂರು ಜಾತ್ರೆಗೋ ತಿರುಮಕೂಡಲಿನ ಕುಂಭಮೇಳಕ್ಕೋ ಬಂದು ದಿನಗಟ್ಟಲೆ ನಿಲ್ಲುವ ವಾಹನಗಳಿಗೂ, ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಯಬೇಕಾದ ಸಂಚಾರಿ ಚಿಕಿತ್ಸಾಲಯಗಳಿಗೂ ಇದೇ ಲೆಕ್ಕ ಒಪ್ಪುತ್ತದೆ.

ಒಂದೇ ಹೆಸರು, ಎರಡು ಗುಣ

ಬೇರೆ ಬೇರೆ ಇಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಈ ಎರಡು ಕೆಲಸಗಳಿಗೆ ಬೇಕಾದ ಬ್ಯಾಟರಿಗಳ ಮೈಕಟ್ಟೇ ಬೇರೆ.

ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿದ್ದು 1859ರಲ್ಲಿ. ಇಂದಿಗೂ ಅದರ ಮೂಲ ಮಾದರಿ ಅದೇ. ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡಿನದು, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ ಹೊರಹರಿಯುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದಾಗ ಎಲ್ಲವೂ ಹಿಂದಕ್ಕೆ. ಒಂದು ಕೋಶ ಸುಮಾರು 2.1 ವೋಲ್ಟ್ ಕೊಡುತ್ತದೆ. ಇಂಥ ಆರು ಕೋಶ ಸೇರಿದ್ದೇ ನಾವು 12 ವೋಲ್ಟ್ ಎಂದು ಕರೆಯುವ ಬ್ಯಾಟರಿ.

1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ, ಹ್ಯಾಂಡಲ್ ಸುತ್ತಿ ಇಂಜಿನ್ ಎಬ್ಬಿಸುವ ಪಾಡು ಕ್ರಮೇಣ ತಪ್ಪಿತು. ಸ್ಟಾರ್ಟರ್ ಮೋಟಾರಿಗೆ ಬೇಕಾದದ್ದು ಕ್ಷಣಮಾತ್ರದ ಭೀಮಬಲ. ಡೀಸೆಲ್ ಇಂಜಿನ್ ತಿರುಗಿಸಲು 300 ಆಂಪಿಯರ್ 5 ಸೆಕೆಂಡ್ ಬೇಕಾಯಿತು ಎನ್ನೋಣ. ಗುಣಿಸಿದರೆ 1500 ಆಂಪಿಯರ್-ಸೆಕೆಂಡ್. ಒಂದು ಗಂಟೆಗೆ 3600 ಸೆಕೆಂಡುಗಳಾದ್ದರಿಂದ ಇದು ಕೇವಲ 0.42 ಆಂಪಿಯರ್-ಗಂಟೆ. ಎಂದರೆ 75 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ನೂರಕ್ಕೆ ಒಂದು ಪಾಲೂ ಖರ್ಚಾಗುವುದಿಲ್ಲ! ಇಷ್ಟು ರಭಸದ ಪ್ರವಾಹ ಒಮ್ಮೆಲೇ ಹೊರಡಲು ಫಲಕಗಳ ಮೇಲ್ಮೈ ವಿಸ್ತಾರವಾಗಿರಬೇಕು. ಅದಕ್ಕೇ ಈ ಬ್ಯಾಟರಿಯಲ್ಲಿ ತೆಳುವಾದ ಅನೇಕ ಫಲಕಗಳಿರುತ್ತವೆ. ಓಟದ ಸ್ಪರ್ಧೆಯ 100 ಮೀಟರ್ ಓಟಗಾರನಂತೆ ಇದು. ಇದನ್ನು ಪೂರ್ತಿ ಬರಿದು ಮಾಡುವ ಅಭ್ಯಾಸ ಮಾಡಿದರೆ ಫಲಕಗಳು ಉದುರಿ ಬಹುಬೇಗ ಕೈಕೊಡುತ್ತದೆ.

ವಾಸದ ಬ್ಯಾಟರಿಯದು ಮೂಟೆ ಹೊರುವ ಹಮಾಲನ ಮೈಕಟ್ಟು. ಐದೋ ಹತ್ತೋ ಆಂಪಿಯರನ್ನು ರಾತ್ರಿಯಿಡೀ ಕೊಡಬೇಕು, ಮರುದಿನ ತುಂಬಿಸಿಕೊಳ್ಳಬೇಕು, ಮತ್ತೆ ಕೊಡಬೇಕು. ಇದರ ಫಲಕಗಳು ದಪ್ಪ. ಮನೆಯ ಇನ್ವರ್ಟರಿನ ಪಕ್ಕದಲ್ಲಿ ಕುಳಿತಿರುವ ಟ್ಯೂಬ್ಯುಲರ್ ಬ್ಯಾಟರಿ ಈ ಜಾತಿಯದೇ. ಇದಕ್ಕೂ ಒಂದು ಮಿತಿಯಿದೆ. ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಆಯುಷ್ಯ ಹೆಚ್ಚು.

ಇತ್ತೀಚಿನ ಆಯ್ಕೆ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿ. ಜಾನ್ ಗುಡ್‌ಇನಫ್ ಮತ್ತು ಅಕ್ಷಯ ಪಾಢಿ ಮೊದಲಾದವರು 1997ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಇದರ ದಾರಿ ತೆರೆಯಿತು. ಲಿಥಿಯಂ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ ಗುಡ್‌ಇನಫ್ 2019ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡಾಗ ಅವರ ವಯಸ್ಸು 97! ಈ ಬ್ಯಾಟರಿ ಹಗುರ, ನೂರಕ್ಕೆ 80 ಪಾಲು ಬಳಸಿದರೂ ತಾಳುತ್ತದೆ, ಸಾವಿರಾರು ಸಲ ತುಂಬಿ ಬರಿದಾಗಬಲ್ಲದು. ಬೆಲೆ ಮಾತ್ರ ಹೆಚ್ಚು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇದನ್ನು ಚಾರ್ಜ್ ಮಾಡಬಾರದು. ಹದಿನಾರಿನಲ್ಲಿ ಆ ಭಯವಿಲ್ಲ. ಹೆಬ್ಬಾತುಗಳ ಬೇಸಿಗೆಯ ಬೀಡಾದ ಲಡಾಖಿಗೆ ಹೊರಟರೆ ಇದನ್ನು ಮರೆಯಬಾರದು.

ಲೆಕ್ಕ ಮೊದಲು, ಅಂಗಡಿ ಆಮೇಲೆ

ಎಷ್ಟು ದೊಡ್ಡ ಬ್ಯಾಟರಿ ಬೇಕು? ಅಂಗಡಿಯವರನ್ನು ಕೇಳುವ ಮೊದಲು ಕಾಗದ ಪೆನ್ನು ಹಿಡಿದು ಕೂರುವುದು ಒಳ್ಳೆಯದು. ಹತ್ತನೆಯ ತರಗತಿಯ ಭೌತಶಾಸ್ತ್ರ ಇದಕ್ಕೆ ಸಾಕು. ಉಪಕರಣದ ವ್ಯಾಟನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಗಂಟೆ. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್-ಗಂಟೆ.

ಆರು ಜನರ ತಂಡದ ಒಂದು ದಿನವನ್ನು ಲೆಕ್ಕ ಹಾಕೋಣ. 6 ವ್ಯಾಟಿನ ಎರಡು ಎಲ್‌ಇಡಿ ದೀಪ 5 ಗಂಟೆ ಉರಿದರೆ 60 ವ್ಯಾಟ್-ಗಂಟೆ. ಆರು ಫೋನುಗಳಿಗೆ ತಲಾ 15ರಂತೆ 90. ಹಕ್ಕಿಗಳ ಲೆಕ್ಕ ದಾಖಲಿಸುವ 50 ವ್ಯಾಟಿನ ಲ್ಯಾಪ್‌ಟಾಪ್ 3 ಗಂಟೆಗೆ 150. ಸೊಳ್ಳೆ ಓಡಿಸಲು 20 ವ್ಯಾಟಿನ ಫ್ಯಾನು 8 ಗಂಟೆಗೆ 160. ಇನ್ನು 45 ವ್ಯಾಟಿನ ಪುಟ್ಟ ಶೈತ್ಯಪೆಟ್ಟಿಗೆ. ಅದು ದಿನವಿಡೀ ಓಡುವುದಿಲ್ಲ, ಮೂರರಲ್ಲಿ ಒಂದು ಪಾಲು ಹೊತ್ತು ಓಡುತ್ತದೆ ಎಂದುಕೊಂಡರೆ 8 ಗಂಟೆಗೆ 360. ಒಟ್ಟು 820 ವ್ಯಾಟ್-ಗಂಟೆ. 12ರಿಂದ ಭಾಗಿಸಿದರೆ 68 ಆಂಪಿಯರ್-ಗಂಟೆ.

ಶೈತ್ಯಪೆಟ್ಟಿಗೆ ಐಷಾರಾಮ ಎನಿಸಬಹುದು. ಆದರೆ ಮಧುಮೇಹವಿರುವ ಮಗುವಿನ ಇನ್ಸುಲಿನ್ ದಾಸ್ತಾನನ್ನು ತಂಪಾಗಿ ಇಡಲು ಅನುಕೂಲವಿದೆ ಎಂಬ ಒಂದೇ ಕಾರಣಕ್ಕೆ ಆ ಮಗುವೂ ಎಲ್ಲರ ಜೊತೆ ಶಿಬಿರಕ್ಕೆ ಬರುವಂತಾದರೆ ಆ 360 ವ್ಯಾಟ್-ಗಂಟೆ ದಂಡವಲ್ಲ.

ಈ 68 ಆಂಪಿಯರ್-ಗಂಟೆಯನ್ನು ವಾಹನದ 75ರ ಸ್ಟಾರ್ಟರ್ ಬ್ಯಾಟರಿಯಿಂದಲೇ ತೆಗೆದಿದ್ದರೆ ಬೆಳಗಿಗೆ ಉಳಿಯುವುದೇನು ಎಂಬುದು ಈಗ ಸ್ಪಷ್ಟವಾಯಿತಲ್ಲವೆ? ವಾಸದ ಬ್ಯಾಟರಿ ಟ್ಯೂಬ್ಯುಲರ್ ಆದರೆ ಅರ್ಧವನ್ನು ಮಾತ್ರ ಬಳಸುವ ನಿಯಮದಂತೆ 68ರ ಇಮ್ಮಡಿ 136, ಅಂಗಡಿಯಲ್ಲಿ ಸಿಗುವ ಅಳತೆ 150. ಲಿಥಿಯಂ ಆದರೆ 68ನ್ನು 0.8ರಿಂದ ಭಾಗಿಸಿ 85, ಕೊಳ್ಳಬೇಕಾದದ್ದು 100.

ಅಡುಗೆಗೆ ವಿದ್ಯುತ್ ಒಲೆ ಬೇಡವೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1500 ವ್ಯಾಟಿನ ಇಂಡಕ್ಷನ್ ಒಲೆ 12 ವೋಲ್ಟಿನಲ್ಲಿ 125 ಆಂಪಿಯರ್ ಎಳೆಯುತ್ತದೆ, ಇನ್ವರ್ಟರಿನ ನಷ್ಟ ಬೇರೆ. 20 ನಿಮಿಷದಲ್ಲಿ 500 ವ್ಯಾಟ್-ಗಂಟೆ ಮಂಗಮಾಯ. ವಾಹನದಿಂದ ದೂರದಲ್ಲಿ, ಬಯಲಿನಲ್ಲಿ ಗ್ಯಾಸ್ ಒಲೆ ಹಚ್ಚುವುದೇ ಜಾಣತನ.

ನಡುವಿನ ಬಾಗಿಲು

ಎರಡು ಬ್ಯಾಟರಿ ಇಟ್ಟಾಯಿತು. ಎರಡನ್ನೂ ತುಂಬಿಸುವುದು ಇಂಜಿನ್ನಿನಿಂದ ತಿರುಗುವ ಒಂದೇ ಆಲ್ಟರ್ನೇಟರ್. ಹಾಗಾಗಿ ಇವುಗಳ ನಡುವೆ ಒಂದು ಬಾಗಿಲು ಬೇಕು. ಇಂಜಿನ್ ಓಡುವಾಗ ತೆರೆಯಬೇಕು, ನಿಂತಾಗ ಮುಚ್ಚಬೇಕು. ಈ ಬಾಗಿಲನ್ನು ನಾಲ್ಕು ಬಗೆಯಲ್ಲಿ ಮಾಡುತ್ತಾರೆ.

ಮೊದಲನೆಯದು ಕೈಯಿಂದ ತಿರುಗಿಸುವ ಸ್ವಿಚ್. ಅಗ್ಗ, ಸರಳ. ಆದರೆ ದಣಿದು ಬಂದ ಚಾಲಕ ಒಂದು ದಿನ ಅದನ್ನು ಮುಚ್ಚಲು ಮರೆತರೆ ಎರಡೂ ಬ್ಯಾಟರಿ ಒಟ್ಟಿಗೆ ಬರಿದು. ಮರೆವಿಗೆ ಜಾಗವಿರುವ ವ್ಯವಸ್ಥೆಯನ್ನು ಕಾವಲು ಎನ್ನಲಾಗದು.

ಎರಡನೆಯದು ಡಯೋಡ್. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಈ ಕವಾಟ ಮರೆಯುವುದಿಲ್ಲ. ಆದರೆ ದಾಟುವಾಗ ಸುಮಾರು 0.7 ವೋಲ್ಟನ್ನು ಸುಂಕವಾಗಿ ವಸೂಲು ಮಾಡುತ್ತದೆ. ಹಾಗಾಗಿ ಬ್ಯಾಟರಿ ಪೂರ್ತಿ ತುಂಬುವುದೇ ಕಷ್ಟ.

ಮೂರನೆಯದು ವೋಲ್ಟೇಜನ್ನು ಗಮನಿಸುವ ರಿಲೇ. ಇಂಜಿನ್ ಓಡತೊಡಗಿ ಸ್ಟಾರ್ಟರ್ ಬ್ಯಾಟರಿಯ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಎರಡನ್ನೂ ಜೋಡಿಸುತ್ತದೆ. ಇಂಜಿನ್ ನಿಂತು 12.8ರ ಆಸುಪಾಸಿಗೆ ಇಳಿದಾಗ ಬೇರ್ಪಡಿಸುತ್ತದೆ. ಬಿತ್ತನೆಯ ರಾಗಿ ಮೊದಲು ತುಂಬಿ, ಆಮೇಲೆ ಉಣ್ಣುವ ರಾಗಿಗೆ ಪಾಲು! ಹಳೆಯ ವಾಹನ ಮತ್ತು ಸೀಸದ ಬ್ಯಾಟರಿಗಳ ಜೋಡಿಗೆ ಇದು ಸಾಕು.

ನಾಲ್ಕನೆಯದು ಡಿಸಿ-ಡಿಸಿ ಚಾರ್ಜರ್. ಇದು ಬರೀ ಬಾಗಿಲಲ್ಲ, ಪಂಪು. ಬಂದ ವೋಲ್ಟೇಜ್ ಎಷ್ಟೇ ಇರಲಿ, ಎರಡನೆಯ ಬ್ಯಾಟರಿಗೆ ತಕ್ಕಷ್ಟಕ್ಕೆ ಏರಿಸಿಯೋ ಇಳಿಸಿಯೋ ಕೊಡುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲಿನ ಅನೇಕ ವಾಹನಗಳಲ್ಲಿ ಆಲ್ಟರ್ನೇಟರ್ ಇಂಧನ ಉಳಿಸಲೆಂದು ತನ್ನ ವೋಲ್ಟೇಜನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಂಥಲ್ಲಿ ರಿಲೇ ಗೊಂದಲಕ್ಕೆ ಬೀಳುತ್ತದೆ, ಚಾರ್ಜರೇ ಬೇಕು. ಲಿಥಿಯಂ ಬ್ಯಾಟರಿ ಇದ್ದರಂತೂ ಇದು ಕಡ್ಡಾಯವೆಂದೇ ತಿಳಿಯಿರಿ. ಕೊಟ್ಟಷ್ಟೂ ನುಂಗುವ ಲಿಥಿಯಂ, ನಡುವೆ ಕಡಿವಾಣವಿಲ್ಲದಿದ್ದರೆ ಆಲ್ಟರ್ನೇಟರನ್ನೇ ಕಾಯಿಸಿ ಸುಟ್ಟೀತು.

ಲಾರಿಯ ಜೋಡಿ ಬ್ಯಾಟರಿ ಬೇರೆ

ಇಲ್ಲೊಂದು ಎಚ್ಚರಿಕೆ. ದೊಡ್ಡ ಲಾರಿ, ಬಸ್ಸುಗಳ ಬದಿಯಲ್ಲಿ ಎರಡು ಬ್ಯಾಟರಿಗಳನ್ನು ನೀವು ಕಂಡಿರಬಹುದು. ಅದು ಈಗ ಹೇಳುತ್ತಿರುವ ಏರ್ಪಾಟಲ್ಲ. ಆ ವಾಹನಗಳ ವ್ಯವಸ್ಥೆಯೇ 24 ವೋಲ್ಟಿನದು. 12ರ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಪೋಣಿಸಿ 24 ಮಾಡಿರುತ್ತಾರೆ. ಎರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು.

ಲಾರಿಯನ್ನು ಬಿಡಾರ ಮಾಡುವವರು ಹಾಡಿನ ಪೆಟ್ಟಿಗೆಗೋ ದೀಪಕ್ಕೋ 12 ವೋಲ್ಟ್ ಬೇಕೆಂದು ಈ ಜೋಡಿಯಲ್ಲಿ ಒಂದರಿಂದ ಮಾತ್ರ ತಂತಿ ಎಳೆದುಬಿಡುತ್ತಾರೆ. ಆಗ ಒಂದು ಎತ್ತು ದಿನವೂ ಹೆಚ್ಚು ದುಡಿಯುತ್ತದೆ, ಇನ್ನೊಂದು ಆರಾಮ. ಆಲ್ಟರ್ನೇಟರ್ ಈ ಭೇದ ಅರಿಯದೆ ಎರಡಕ್ಕೂ ಒಂದೇ ಪ್ರವಾಹ ಹರಿಸುತ್ತದೆ. ದುಡಿದದ್ದು ಎಂದೂ ಹೊಟ್ಟೆ ತುಂಬದೆ ಸೊರಗುತ್ತದೆ, ಆರಾಮವಾಗಿದ್ದದ್ದು ಅತಿಯಾಗಿ ಉಂಡು ಆಮ್ಲ ಕುದಿಸುತ್ತದೆ. ಕೊನೆಗೆ ಎರಡೂ ಹಾಳು. 24ನ್ನು 12ಕ್ಕೆ ಇಳಿಸುವ ಪರಿವರ್ತಕ ಹಾಕಿ, ಅದರ ಮೂಲಕ ಮೂರನೆಯ, ಪ್ರತ್ಯೇಕವಾದ ವಾಸದ ಬ್ಯಾಟರಿಯನ್ನು ತುಂಬಿಸುವುದು ಸರಿಯಾದ ದಾರಿ.

ತಂತಿ ಮತ್ತು ಫ್ಯೂಸು

ತಂತಿಯ ವಿಷಯದಲ್ಲಿ ಜಿಪುಣತನ ಮಾಡಬಾರದು. ಮುಂದಿನ ಬ್ಯಾಟರಿಯಿಂದ ಹಿಂದಿನದಕ್ಕೆ 5 ಮೀಟರ್ ದೂರವಿದ್ದರೆ, ಹೋಗಿ ಬರುವ ದಾರಿ 10 ಮೀಟರ್. ಅಡ್ಡಕೊಯ್ತ 6 ಚದರ ಮಿಲಿಮೀಟರ್ ಇರುವ ತಾಮ್ರದ ತಂತಿಯಲ್ಲಿ ಇಷ್ಟು ದೂರಕ್ಕೆ ಸುಮಾರು 0.029 ಓಮ್ ರೋಧ. 40 ಆಂಪಿಯರ್ ಹರಿದರೆ ಓಮನ ನಿಯಮದಂತೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ಸೋರಿಹೋಯಿತು. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ತಲುಪುವುದು 13. ಪ್ರವಾಹ ಇಳಿದಂತೆ ಈ ನಷ್ಟವೂ ಇಳಿಯುತ್ತದೆ, ನಿಜ. ಆದರೆ ಅಷ್ಟರಲ್ಲಿ ಪ್ರಯಾಣವೇ ಮುಗಿದಿರುತ್ತದೆ. ಅದೇ 16 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟ ಕೇವಲ 0.44 ವೋಲ್ಟ್.

ಫ್ಯೂಸು ಒಂದಲ್ಲ, ಎರಡು ಬೇಕು. ಎರಡೂ ಬ್ಯಾಟರಿಗಳ ಧನಾಗ್ರಕ್ಕೆ ಅಂಟಿದಂತೆಯೇ ಒಂದೊಂದು. ಏಕೆಂದರೆ ಈ ತಂತಿಯ ಎರಡು ತುದಿಯಲ್ಲೂ ವಿದ್ಯುತ್ತಿನ ಮೂಲವಿದೆ. ನಡುವೆ ಎಲ್ಲಾದರೂ ತಂತಿಯ ಹೊದಿಕೆ ಸವೆದು ಲೋಹದ ಚೌಕಟ್ಟಿಗೆ ತಾಗಿದರೆ ಎರಡು ಕಡೆಯಿಂದಲೂ ನೂರಾರು ಆಂಪಿಯರ್ ನುಗ್ಗಿ ಬರುತ್ತದೆ. ಒಂದೇ ತುದಿಗೆ ಫ್ಯೂಸಿದ್ದರೆ ಇನ್ನೊಂದು ತುದಿಯಿಂದ ಬೆಂಕಿ ಹೊತ್ತುವುದು ತಪ್ಪದು. ಮಲಗುವ ಮಕ್ಕಳ ಹಾಸಿಗೆಯ ಕೆಳಗೇ ಈ ತಂತಿ ಹಾದುಹೋಗಿರುತ್ತದೆ ಎಂಬುದನ್ನು ಮರೆಯಬೇಡಿ.

ಬಿಸಿಲೆಂಬ ಉಪಕಾರಿ

ಖರ್ಚು ಮಾಡಿದ್ದನ್ನು ತುಂಬಿಸುವುದು ಹೇಗೆ? ಹದಿನಾರಿನಿಂದ ಮೈಸೂರಿಗೆ ಮುಕ್ಕಾಲು ಗಂಟೆಯ ಪ್ರಯಾಣ ಎಂದುಕೊಂಡರೆ, 40 ಆಂಪಿಯರಿನಂತೆ ಬ್ಯಾಟರಿಗೆ ಸೇರುವುದು 30 ಆಂಪಿಯರ್-ಗಂಟೆ. ಖರ್ಚಾದದ್ದು 68! ಅದೂ ಅಲ್ಲದೆ ಸೀಸದ ಬ್ಯಾಟರಿ ನೂರಕ್ಕೆ 80 ತುಂಬಿದ ಮೇಲೆ ನಿಧಾನವಾಗಿ ಕುಡಿಯತೊಡಗುತ್ತದೆ. ಕೊನೆಯ 20 ಪಾಲಿಗೆ ಗಂಟೆಗಟ್ಟಲೆ ಬೇಕು. ಹಾಗೆಂದು ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಬ್ಯಾಟರಿಗಳು ಹಾಳಾಗಲು ಇದೊಂದು ದೊಡ್ಡ ಕಾರಣ. ಆದ್ದರಿಂದ ಮನೆಗೆ ಬಂದ ದಿನವೇ ಗೋಡೆಯ ಚಾರ್ಜರಿಗೆ ಹಚ್ಚಿ ಪೂರ್ತಿ ತುಂಬಿಸುವುದು ಒಳ್ಳೆಯ ರೂಢಿ.

ಕೆರೆಯ ಬಳಿ ಎರಡು ಮೂರು ದಿನ ನಿಲ್ಲುವುದಾದರೆ ಸೂರ್ಯನೇ ಗತಿ. ಜನವರಿಯ ನಮ್ಮ ತಿಳಿ ಆಕಾಶದಲ್ಲಿ ಛಾವಣಿಯ ಮೇಲಿನ 200 ವ್ಯಾಟಿನ ಸೌರಫಲಕ, ನಷ್ಟಗಳನ್ನು ಕಳೆದು, ದಿನಕ್ಕೆ ಸುಮಾರು 700 ವ್ಯಾಟ್-ಗಂಟೆ ಕೊಡಬಲ್ಲದು. ನಮ್ಮ ಖರ್ಚು 820. ಚಳಿಯ ರಾತ್ರಿಗೆ ಫ್ಯಾನು ಬೇಡವೆಂದರೆ 660. ಜಮಾ ಖರ್ಚು ಸರಿಹೋಯಿತು! ಆದರೆ ಒಂದು ಷರತ್ತು. ತಂಪಿಗೆಂದು ಹುಣಸೆ ಮರದ ಕೆಳಗೆ ವಾಹನ ನಿಲ್ಲಿಸಿದರೆ ಈ ಲೆಕ್ಕವೆಲ್ಲ ಸುಳ್ಳು. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಆ ಮೂಲೆಗಿಂತ ಹೆಚ್ಚಿನ ಪ್ರಮಾಣದಲ್ಲಿ ಕುಸಿಯುತ್ತದೆ.

ತಂದೆ ತಾಯಿಯರ ಗಮನಕ್ಕೆ

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬುದು ಸರಿ. ಅಪಾಯವಿಲ್ಲ ಎಂಬುದು ತಪ್ಪು. ಬ್ಯಾಟರಿಯ ಎರಡು ತುದಿಗೆ ಒಂದು ಸ್ಪ್ಯಾನರೋ ಕೈಬಳೆಯೋ ಅಡ್ಡ ಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೆಲಸ ಮಾಡುವಾಗ ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರ, ಕತ್ತಿನ ಸರ ತೆಗೆದಿಡಬೇಕು. ಮೊದಲು ಋಣಾಗ್ರ ಬಿಚ್ಚಬೇಕು, ಕಡೆಗೆ ಋಣಾಗ್ರ ಜೋಡಿಸಬೇಕು.

ಚಾರ್ಜಾಗುವ ಸೀಸದ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿ ಸಾಕು ಸಿಡಿಯಲು. ಹಾಗಾಗಿ ನೀರು ಹಾಕುವ ಬಗೆಯ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಇಡಕೂಡದು. ಹೊರಕ್ಕೆ ಗಾಳಿಕಿಂಡಿ ಇರುವ ಪ್ರತ್ಯೇಕ ಪೆಟ್ಟಿಗೆ ಬೇಕು. ಬ್ಯಾಟರಿಯನ್ನು ನೆಲಕ್ಕೆ ಬಿಗಿದು ಕಟ್ಟಿರಬೇಕು. 150 ಆಂಪಿಯರ್-ಗಂಟೆಯ ಟ್ಯೂಬ್ಯುಲರ್ ಬ್ಯಾಟರಿಯ ತೂಕ 50 ಕಿಲೋಗ್ರಾಂ ದಾಟುತ್ತದೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಅದು ಜಾರಿ ಬಂದರೆ? ಆಮ್ಲ ಮೈಮೇಲೆ ಬಿದ್ದರೆ ತಕ್ಷಣ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರತ್ತ ಧಾವಿಸಬೇಕು.

ಹಳೆಯ ಬ್ಯಾಟರಿಯನ್ನು ಹಿತ್ತಲಲ್ಲಿ ಬಿಸಾಡಬಾರದು, ಸೀಸ ಕರಗಿಸುವವರಿಗೆ ಮಾರಲೂಬಾರದು. ಸೀಸ ಮಕ್ಕಳ ಮಿದುಳಿಗೆ ವಿಷ. ಮಾರಾಟಗಾರರು ಹಳೆಯದನ್ನು ಹಿಂಪಡೆಯುವ ನಿಯಮ ನಮ್ಮ ದೇಶದಲ್ಲಿ 2001ರಲ್ಲೇ ಬಂತು. 2022ರ ಹೊಸ ನಿಯಮಗಳು ತಯಾರಕರನ್ನೂ ಹೊಣೆ ಮಾಡಿವೆ. ವಾಹನದ ಒಳರಚನೆಯನ್ನೇ ಬದಲಿಸುವವರು ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಏನೇನು ಮಾಡಬಹುದು ಎಂಬುದನ್ನು ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಜೋಡಣೆಯ ಕೆಲಸವನ್ನು ಅನುಭವವಿರುವ ಆಟೊ ಎಲೆಕ್ಟ್ರಿಷಿಯನ್‌ಗೇ ಬಿಡಿ. ಲೆಕ್ಕ ಮಾತ್ರ ನಿಮ್ಮದಿರಲಿ.

ಒಂದು ಪ್ರಯೋಗ

ವಿದ್ಯಾರ್ಥಿಗಳು ಹಿರಿಯರ ಜೊತೆಗೂಡಿ ಮನೆಯ ಅಥವಾ ನೆರೆಮನೆಯ ಕಾರಿನಲ್ಲೇ ಇದನ್ನು ನೋಡಬಹುದು. ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಗಾಡಿ ತಟಸ್ಥ ಗಿಯರಿನಲ್ಲಿರಲಿ, ಕೈಬ್ರೇಕ್ ಎಳೆದಿರಲಿ, ತಿರುಗುವ ಬೆಲ್ಟು ಫ್ಯಾನುಗಳಿಂದ ಕೈ, ಜಡೆ, ಬಟ್ಟೆ ದೂರವಿರಲಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. 12.6ರ ಆಸುಪಾಸಿದ್ದರೆ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಬರಿದು. ಇನ್ನೊಬ್ಬರು ಸ್ಟಾರ್ಟ್ ಮಾಡುವಾಗ ಅಂಕಿಯ ಮೇಲೆ ಕಣ್ಣಿಡಿ. ಅರೆಕ್ಷಣ ಅದು 10-11ಕ್ಕೆ ಜಾರುತ್ತದೆ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ ಎಂದು ಅನುಮಾನಿಸಬಹುದು. ಇಂಜಿನ್ ಓಡತೊಡಗಿದ ಮೇಲೆ 13.8ರಿಂದ 14.4ಕ್ಕೆ ಏರಿದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಹೊಸ ವಾಹನಗಳಲ್ಲಿ ಈ ಅಂಕಿ ಏರಿಳಿಯುವುದನ್ನೂ ಕಾಣಬಹುದು. ಅದು ದೋಷವಲ್ಲ, ಮೇಲೆ ಹೇಳಿದ ಇಂಧನ ಉಳಿತಾಯದ ಉಪಾಯ. ಈ ಮೂರು ಅಂಕಿಗಳನ್ನು ತಿಂಗಳಿಗೊಮ್ಮೆ ಪುಸ್ತಕದಲ್ಲಿ ಬರೆದಿಟ್ಟರೆ ಬ್ಯಾಟರಿ ಸೊರಗುವುದು ಅದು ಕೈಕೊಡುವ ಮುನ್ನವೇ ತಿಳಿಯುತ್ತದೆ.

ಈ ಚಳಿಗಾಲದಲ್ಲಿ ನಿಮ್ಮ ಮಗನೋ ಮಗಳೋ ಶಾಲೆ ಕಾಲೇಜಿನ ತಂಡದ ಜೊತೆ ಹಕ್ಕಿ ಎಣಿಸಲು ಹೊರಟರೆ ಧೈರ್ಯವಾಗಿ ಕಳಿಸಿ. ನಸುಕಿನ ಮಂಜಿನಲ್ಲಿ ಹೆಬ್ಬಾತುಗಳ ಹಿಂಡು ಹದಿನಾರು ಕೆರೆಗೆ ಇಳಿಯುವುದನ್ನು ಕಂಡ ಮಗು ಅದನ್ನು ಬೇಗ ಮರೆಯುವುದಿಲ್ಲ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ಊಟ ಏನು, ಎಲ್ಲಿ ಮಲಗುತ್ತೀರಿ ಎಂಬ ಪ್ರಶ್ನೆಗಳ ಜೊತೆಗೆ ಮೇಷ್ಟ್ರನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ರಾತ್ರಿಯೆಲ್ಲ ದೀಪ ಉರಿದ ಮೇಲೆ ಬೆಳಿಗ್ಗೆ ಇಂಜಿನ್ ಎಬ್ಬಿಸಲು ಏನು ಎತ್ತಿಟ್ಟಿದ್ದೀರಿ?’